ಮಗುವಿನ ಮೈಮೇಲೆ ಮತ್ತೆ ಮತ್ತೆ ನೀರ್ಗುಳ್ಳೆ: ಲೀನಿಯರ್ ಐಜಿಎ ಕಾಯಿಲೆ ಪತ್ತೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಗುವಿಗೆ ನೀರ್ಗುಳ್ಳೆ ಎದ್ದಿದೆ. ಮುಲಾಮು ಹಚ್ಚಿದ್ದಾಯಿತು. ಆ್ಯಂಟಿಬಯೋಟಿಕ್ ಒಂದು ಕೋರ್ಸ್ ಮುಗಿಯಿತು, ಇನ್ನೊಂದೂ ಮುಗಿಯಿತು. ಆದರೂ ಹೊಸ ಗುಳ್ಳೆ ಬರುವುದು ನಿಂತಿಲ್ಲ. ಹೀಗೆ ವಾರಗಟ್ಟಲೆ ಅಲೆದು ಸುಸ್ತಾಗಿ ಬರುವ ಅಪ್ಪ ಅಮ್ಮಂದಿರು ಚರ್ಮದ ಡಾಕ್ಟರ ಮುಂದೆ ಕೂತು ಕೇಳುವ ಪ್ರಶ್ನೆಗಳು ಇಲ್ಲಿವೆ. ಎಲ್ಲವನ್ನೂ ಓದುವಷ್ಟು ಪುರಸೊತ್ತು ಇಲ್ಲದಿದ್ದರೆ, ಚರ್ಮದ ತುಂಡನ್ನು ಯಾವ ಡಬ್ಬಿಗೆ ಹಾಕುತ್ತಾರೆ ಎಂಬ ಪ್ರಶ್ನೆಯನ್ನಾದರೂ ಓದಿ. ಕಾಯಿಲೆ ಗೊತ್ತಾಗುವುದೂ ಗೊತ್ತಾಗದೆ ಉಳಿಯುವುದೂ ಎಷ್ಟೋ ಸಲ ಅಲ್ಲೇ ತೀರ್ಮಾನವಾಗುತ್ತದೆ.

ಇದು ಯಾವ ಕಾಯಿಲೆ? ಹೆಸರೇ ಕೇಳಿಲ್ಲವಲ್ಲ!

ಇದರ ಹೆಸರು ಲೀನಿಯರ್ ಐಜಿಎ ಕಾಯಿಲೆ. ಕೇಳಿರುವುದಿಲ್ಲ, ಯಾಕೆಂದರೆ ಇದು ನಿಜಕ್ಕೂ ಅಪರೂಪ. ಪಶ್ಚಿಮ ಯುರೋಪಿನ ಲೆಕ್ಕದ ಪ್ರಕಾರ ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಸುಮಾರು ಒಬ್ಬರಿಗೆ, ಅಥವಾ ಅದಕ್ಕೂ ಕಡಿಮೆ ಜನರಿಗೆ ಬರುತ್ತದೆ. ಆದರೆ ಮಕ್ಕಳಲ್ಲಿ ಕಾಣುವ ಆಟೋಇಮ್ಯೂನ್ (ಮೈಯ ರಕ್ಷಣಾ ವ್ಯವಸ್ಥೆ ತನ್ನ ಮೈಯ ಮೇಲೆಯೇ ತಿರುಗಿಬೀಳುವ) ಗುಳ್ಳೆ ಕಾಯಿಲೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವುದು ಇದೇ. ಹೆಚ್ಚಾಗಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶುರುವಾಗುತ್ತದೆ. ಹಳೆಯ ಫೈಲುಗಳಲ್ಲಿ ಇದನ್ನು 'ಕ್ರಾನಿಕ್ ಬುಲ್ಲಸ್ ಡಿಸೀಸ್ ಆಫ್ ಚೈಲ್ಡ್‌ಹುಡ್' ಎಂದು ಬರೆದಿರುತ್ತಾರೆ. ಎರಡೂ ಒಂದೇ.

ನಮ್ಮ ಚರ್ಮದಲ್ಲಿ ಮೇಲಿನ ಪದರ, ಕೆಳಗಿನ ಪದರ ಅಂತ ಇವೆ. ಎರಡನ್ನೂ ಹಿಡಿದಿಡುವ ಕೆಲವು ಪ್ರೋಟೀನುಗಳಿವೆ. ಸೋಂಕಿನ ವಿರುದ್ಧ ಹೋರಾಡಬೇಕಾದ ಐಜಿಎ ಎಂಬ ಪ್ರತಿಕಾಯ ದಾರಿ ತಪ್ಪಿ ಆ ಪ್ರೋಟೀನಿನ ಮೇಲೇ ಬೀಳುತ್ತದೆ. ಮುಖ್ಯವಾಗಿ ಬಿಪಿ180 ಎಂಬ ಪ್ರೋಟೀನಿನ ತುಣುಕುಗಳ ಮೇಲೆ. ಅದರ ಹಿಂದೆಯೇ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ನುಗ್ಗುತ್ತವೆ. ಪದರಗಳು ಬಿಟ್ಟುಕೊಳ್ಳುತ್ತವೆ, ಮಧ್ಯೆ ನೀರು ತುಂಬುತ್ತದೆ. ಅದೇ ಗುಳ್ಳೆ.

ಗುಳ್ಳೆ ನೋಡಲು ಹೇಗಿರುತ್ತವೆ?

ಬಿಗಿಯಾಗಿ, ತುಂಬಿಕೊಂಡಿರುತ್ತವೆ. ಒಳಗೆ ತಿಳಿನೀರು. ಬೆರಳು ತಾಗಿದ ಕೂಡಲೇ ಒಡೆಯುವುದಿಲ್ಲ. ಹೊಕ್ಕುಳದ ಕೆಳಗೆ, ತೊಡೆಸಂದಿ, ಒಳತೊಡೆ, ಮೂತ್ರಾಂಗದ ಸುತ್ತ, ಕುಂಡೆ, ಬಾಯಿಯ ಸುತ್ತ ಜಾಸ್ತಿ. ಕೈಕಾಲಿಗೂ ಹರಡಬಹುದು. ಕೆಲವು ಮಕ್ಕಳಿಗೆ ವಿಪರೀತ ತುರಿಕೆ, ಕೆಲವರಿಗೆ ಅಷ್ಟೇನೂ ಇರುವುದಿಲ್ಲ.

ಒಂದು ಗುರುತನ್ನು ಮಾತ್ರ ಚೆನ್ನಾಗಿ ನೆನಪಿಟ್ಟುಕೊಳ್ಳಿ. ಹಳೆಯ ಗುಳ್ಳೆ ಒಣಗಿ ಮಧ್ಯದಲ್ಲಿ ಹಕ್ಕಳೆ ಕಟ್ಟಿರುತ್ತದೆ. ಅದರ ಅಂಚಿನಲ್ಲೇ ಸುತ್ತಲೂ ಹೊಸ ಸಣ್ಣ ಗುಳ್ಳೆಗಳು ಒತ್ತಾಗಿ ಏಳುತ್ತವೆ. ಏಳು ಕಲ್ಲಿನ ಬೆಂಡೋಲೆಯಲ್ಲಿ ನಡುವಿನ ಕಲ್ಲಿನ ಸುತ್ತ ಉಳಿದ ಕಲ್ಲುಗಳನ್ನು ಕೂರಿಸಿರುತ್ತಾರಲ್ವಾ, ಥೇಟ್ ಹಾಗೆ. ಇಂಥದ್ದು ಒಂದೆರಡು ಕಡೆ ಕಂಡರೂ ಸಾಕು, ಅನುಭವ ಇರುವ ಡಾಕ್ಟರು ಈ ಕಾಯಿಲೆಯನ್ನು ಪಟ್ಟಿಯ ಮೇಲಕ್ಕೆ ತರುತ್ತಾರೆ.

ನಮ್ಮ ಮಕ್ಕಳ ಕಂದು ಮೈಬಣ್ಣದಲ್ಲಿ ಪುಸ್ತಕದ ಚಿತ್ರದಷ್ಟು ಕೆಂಪು ಕಾಣುವುದಿಲ್ಲ. ಗುಳ್ಳೆಯ ಸುತ್ತ ಬರೀ ಕಪ್ಪಗೆ ಅಥವಾ ನೇರಳೆಯಾಗಿ ಕಾಣಬಹುದು. ಕೆಂಪಾಗಿಲ್ಲ ಅಂತ ಬಿಟ್ಟುಬಿಡಬೇಡಿ. ಗುಳ್ಳೆ ಹೊಸದಾಗಿ ಎದ್ದಾಗಲೇ ಹಗಲು ಬೆಳಕಲ್ಲಿ ಒಂದು ಫೋಟೋ ತೆಗೆದಿಡಿ. ಆಸ್ಪತ್ರೆಗೆ ಹೋಗುವ ದಿನಕ್ಕೆ ಸರಿಯಾಗಿ ಎಲ್ಲ ಒಣಗಿರುವುದು ತೀರಾ ಸಾಮಾನ್ಯ.

ಇದು ಅಮ್ಮ ಅಲ್ವಾ? ಸರ್ಪಸುತ್ತು ಇರಬಹುದಾ? ಕಜ್ಜಿ ಅಂದರು ಒಬ್ಬರು.

ಮೊದಲು ಇವೇ ಮನಸ್ಸಿಗೆ ಬರುವುದು ಸರಿಯೇ. ಮಕ್ಕಳ ಗುಳ್ಳೆಗಳಲ್ಲಿ ಬಹುಪಾಲು ಇಂಥವೇ ಆಗಿರುತ್ತವೆ. ಆದರೆ ಒಂದೊಂದಕ್ಕೂ ಅದರದೇ ನಡೆ ಇದೆ.

ಅಮ್ಮ, ಅಂದರೆ ಚಿಕನ್‌ಪಾಕ್ಸ್, ಜ್ವರದ ಜೊತೆ ಬರುತ್ತದೆ. ಎದೆ, ಬೆನ್ನು, ಮುಖ, ತಲೆಯಲ್ಲೂ ಏಳುತ್ತದೆ. ಒಂದೆರಡು ವಾರದಲ್ಲಿ ಒಣಗಿ ಮುಗಿಯುತ್ತದೆ. ಸರ್ಪಸುತ್ತು ಮೈಯ ಒಂದೇ ಪಕ್ಕದಲ್ಲಿ ಪಟ್ಟಿಯಾಗಿ ಬರುತ್ತದೆ. ಕಜ್ಜಿಯಲ್ಲಿ ರಾತ್ರಿ ತುರಿಕೆ ಜಾಸ್ತಿ, ಬೆರಳ ಸಂದಿಯಲ್ಲಿ ಗುರುತು ಇರುತ್ತದೆ, ಮನೆಯಲ್ಲಿ ಇನ್ನೂ ಒಬ್ಬಿಬ್ಬರು ಕೆರೆದುಕೊಳ್ಳುತ್ತಿರುತ್ತಾರೆ. ಕೈ, ಕಾಲು, ಬಾಯಿಗೆ ಬರುವ ವೈರಸ್ ಗುಳ್ಳೆ ಶಾಲೆಯಲ್ಲಿ ಹತ್ತಾರು ಮಕ್ಕಳಿಗೆ ಒಟ್ಟಿಗೆ ಬಂದು ವಾರ, ಹತ್ತು ದಿನಕ್ಕೆ ಹೋಗುತ್ತದೆ.

ತುಂಬಾ ಗೊಂದಲ ಮಾಡುವುದು ಬುಲ್ಲಸ್ ಇಂಪೆಟೈಗೊ ಎಂಬ ಬ್ಯಾಕ್ಟೀರಿಯಾ ಸೋಂಕು. ಅದರ ಗುಳ್ಳೆ ತೆಳುವಾಗಿ, ಜೋಲಾಗಿ ಇರುತ್ತದೆ. ಬೇಗ ಒಡೆದು ಜೇನುಬಣ್ಣದ ಹಕ್ಕಳೆ ಬಿಡುತ್ತದೆ. ಸರಿಯಾದ ಆ್ಯಂಟಿಬಯೋಟಿಕ್ ಕೊಟ್ಟರೆ ಕೆಲವೇ ದಿನದಲ್ಲಿ ತಗ್ಗುತ್ತದೆ. ಲೀನಿಯರ್ ಐಜಿಎ ಗುಳ್ಳೆ ಒಡೆದ ಮೇಲೂ ಅಲ್ಲಿ ಬ್ಯಾಕ್ಟೀರಿಯಾ ಸೇರಿಕೊಳ್ಳಬಹುದು. ಆಗ ಆ್ಯಂಟಿಬಯೋಟಿಕ್ ಕೊಟ್ಟರೆ ಸ್ವಲ್ಪ ವಾಸಿಯಾದ ಹಾಗೆ ಕಾಣುತ್ತದೆ, ಮತ್ತೆ ಏಳುತ್ತದೆ. ಈ ಅರ್ಧಂಬರ್ಧ ಗುಣವೇ ಎಲ್ಲರನ್ನೂ ದಾರಿ ತಪ್ಪಿಸುವುದು.

ಇನ್ನೊಂದು ಮಾತನ್ನು ಇಲ್ಲೇ ಹೇಳಬೇಕು. ಗುಳ್ಳೆಗಳು ಮೂತ್ರಾಂಗದ ಸುತ್ತ, ತೊಡೆಯ ಮೇಲೆ ಇರುವುದರಿಂದ, 'ಬಿಸಿನೀರು ಸುರಿದಿರಬೇಕು', 'ಯಾರೋ ಮಗುವಿಗೆ ಏನೋ ಮಾಡಿದ್ದಾರೆ' ಎಂಬ ಅನುಮಾನ ಹುಟ್ಟಿದ್ದುಂಟು. ಅಂಥ ಅನುಮಾನ ಬಂದರೆ ಅದನ್ನು ಗಂಭೀರವಾಗಿಯೇ ವಿಚಾರಿಸಬೇಕು. ಜೊತೆಗೆ ಚರ್ಮದ ಕಾಯಿಲೆ ಇರಬಹುದಾ ಎಂದೂ ನೋಡಬೇಕು. ತಾಯಿಯನ್ನೋ ಆಯಾಳನ್ನೋ ಸುಮ್ನೆ ಕಟಕಟೆಗೆ ನಿಲ್ಲಿಸಬಾರದು.

ಒಬ್ಬರಿಂದ ಒಬ್ಬರಿಗೆ ಅಂಟುತ್ತಾ?

ಇಲ್ಲ. ಜೊತೆಗೆ ಮಲಗಬಹುದು, ಒಂದೇ ತಟ್ಟೆಯಲ್ಲಿ ಉಣ್ಣಬಹುದು, ಅಂಗನವಾಡಿಗೂ ಹೋಗಬಹುದು. ಗುಳ್ಳೆಯಲ್ಲಿ ಬ್ಯಾಕ್ಟೀರಿಯಾ ಸೇರಿದ್ದರೆ ಮಾತ್ರ ಅದು ವಾಸಿಯಾಗುವ ತನಕ ಮುಚ್ಚಿಡಿ.

ಎಷ್ಟು ದಿನ ಕಾಯಬಹುದು? ಚರ್ಮದ ಡಾಕ್ಟರ ಹತ್ತಿರ ಯಾವಾಗ ಹೋಗಬೇಕು?

ಚಿಕಿತ್ಸೆ ಕೊಟ್ಟರೂ ಎರಡು ವಾರ ಮೀರಿ ಹೊಸ ಗುಳ್ಳೆ ಬರುತ್ತಿದ್ದರೆ ಹೋಗಿ. ಆ್ಯಂಟಿಬಯೋಟಿಕ್ ಕೊಟ್ಟಾಗ ತಗ್ಗಿ, ನಿಲ್ಲಿಸಿದ ಮೇಲೆ ಮರುಕಳಿಸಿದರೆ ಹೋಗಿ. ಬಾಯೊಳಗೆ ಹುಣ್ಣು, ಕಣ್ಣು ಕೆಂಪು ಇದ್ದರೆ ಕಾಯಲೇಬೇಡಿ.

ಹೋಗುವಾಗ ಈವರೆಗೆ ಕೊಟ್ಟ ಎಲ್ಲ ಔಷಧಿಗಳ ಚೀಟಿ, ಖಾಲಿ ಟ್ಯೂಬು ಕೂಡ ತೆಗೆದುಕೊಂಡು ಹೋಗಿ. ಔಷಧಿಯಿಂದಲೂ ಈ ಕಾಯಿಲೆ ಏಳಬಹುದು. ಅದು ದೊಡ್ಡವರಲ್ಲಿ ಜಾಸ್ತಿ. ವ್ಯಾಂಕೊಮೈಸಿನ್ ಎಂಬ ಇಂಜೆಕ್ಷನ್ ಅದರಲ್ಲಿ ಹೆಸರುವಾಸಿ. ಮಕ್ಕಳಲ್ಲಿ ಹೆಚ್ಚಾಗಿ ಇಂಥದ್ದೇ ಕಾರಣ ಎಂದು ಬೆರಳು ತೋರಿಸಲು ಆಗುವುದಿಲ್ಲ. ನೀವು ಏನೋ ತಪ್ಪು ತಿನ್ನಿಸಿದ್ದರಿಂದ ಬಂದದ್ದಲ್ಲ.

ರಕ್ತ ಪರೀಕ್ಷೆಯಲ್ಲೇ ಗೊತ್ತಾಗಲ್ವಾ?

ಸಾಲದು. ಲ್ಯಾಬಿನಲ್ಲಿ 'ಐಜಿಎ ಮಟ್ಟ' ಅಂತ ಒಂದು ಪರೀಕ್ಷೆ ಇದೆ. ಅದು ರಕ್ತದಲ್ಲಿ ಒಟ್ಟು ಐಜಿಎ ಎಷ್ಟಿದೆ ಎಂದು ಹೇಳುತ್ತದೆ, ಅಷ್ಟೇ. ಚರ್ಮದ ಮೇಲೆ ಬಿದ್ದಿದೆಯಾ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಬಿಪಿ180 ಎಲೈಸಾ ಎಂಬ ರಕ್ತ ಪರೀಕ್ಷೆಯೂ ಸಾಮಾನ್ಯವಾಗಿ ಹುಡುಕುವುದು ಐಜಿಜಿ ಎಂಬ ಬೇರೆ ಬಗೆಯ ಪ್ರತಿಕಾಯವನ್ನು, ಐಜಿಎಯನ್ನಲ್ಲ. ಹಾಗಾಗಿ ಅದು ನೆಗೆಟಿವ್ ಬಂತು ಎಂದು ಕಾಯಿಲೆಯನ್ನು ತಳ್ಳಿಹಾಕುವ ಹಾಗಿಲ್ಲ.

ಮಗುವಿನ ಸೀರಮ್ಮನ್ನು, ಅಂದರೆ ರಕ್ತದ ತಿಳಿಭಾಗವನ್ನು, ಬೇರೆಯವರ ಆರೋಗ್ಯವಂತ ಚರ್ಮದ ತುಂಡಿನ ಮೇಲೆ ಹಾಕಿ ನೋಡುವ ಇನ್ನೊಂದು ಪರೀಕ್ಷೆ ಇದೆ. ಆ ತುಂಡನ್ನು ಮೊದಲು ಗಟ್ಟಿ ಉಪ್ಪುನೀರಿನಲ್ಲಿ ನೆನೆಸಿ ಪದರಗಳನ್ನು ಬಿಡಿಸಿರುತ್ತಾರೆ. ಪ್ರತಿಕಾಯ ಮೇಲಿನ ಪದರಕ್ಕೆ ಅಂಟಿತೋ ಕೆಳಗಿನದಕ್ಕೋ ಎಂದು ಅದರಲ್ಲಿ ಕಾಣುತ್ತದೆ. ಈ ಕಾಯಿಲೆಯಲ್ಲಿ ಹೆಚ್ಚಾಗಿ ಮೇಲಕ್ಕೇ ಅಂಟುತ್ತದೆ. ಒಳ್ಳೆಯ ಪರೀಕ್ಷೆಯೇ. ಆದರೆ ರಕ್ತದಲ್ಲಿ ಪ್ರತಿಕಾಯ ಕಡಿಮೆ ಇರುವುದರಿಂದ ಕೆಲವೊಮ್ಮೆ ಸಿಗುವುದೇ ಇಲ್ಲ.

ಬಯಾಪ್ಸಿ ಮಾಡಬೇಕು ಅಂದರು. ಕ್ಯಾನ್ಸರ್ ಅನುಮಾನವಾ?

ಅಲ್ಲವೇ ಅಲ್ಲ. ಬಯಾಪ್ಸಿ ಅಂದರೆ ಒಂದು ಚೂರು ಚರ್ಮ ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡುವುದು.

ಎರಡು ಕಡೆಯಿಂದ ಚರ್ಮ ತೆಗೆಯುತ್ತಾರಂತೆ. ಒಂದು ಸಾಲದಾ? ಯಾವ ಡಬ್ಬಿಗೆ ಹಾಕುತ್ತಾರೆ ಎಂದು ನಾವು ಯಾಕೆ ಕೇಳಬೇಕು?

ಸಾಲದು. ಯಾಕೆ ಎಂದು ನಿಧಾನವಾಗಿ ಹೇಳುತ್ತೇನೆ.

ಮೊದಲ ತುಂಡನ್ನು ಹೊಸ ಗುಳ್ಳೆಯ ಅಂಚಿನಿಂದ ತೆಗೆಯುತ್ತಾರೆ. ಸಣ್ಣ ಗುಳ್ಳೆಯಾದರೆ ಇಡೀ ಗುಳ್ಳೆಯನ್ನೇ ತೆಗೆಯಬಹುದು. ಇದು ಫಾರ್ಮಲಿನ್ ಎಂಬ, ತುಂಡು ಕೊಳೆಯದಂತೆ ಇಡುವ ದ್ರಾವಣದ ಡಬ್ಬಿಗೆ ಹೋಗುತ್ತದೆ. ಬಣ್ಣ ಹಾಕಿ ನೋಡಿದಾಗ ಚರ್ಮ ಯಾವ ಪದರದಲ್ಲಿ ಬಿಟ್ಟಿದೆ, ಒಳಗೆ ಯಾವ ಕಣಗಳಿವೆ ಎಂದು ಗೊತ್ತಾಗುತ್ತದೆ. ಲೀನಿಯರ್ ಐಜಿಎಯಲ್ಲಿ ಮೇಲಿನ ಪದರ ಪೂರ್ತಿಯಾಗಿ ಎದ್ದಿರುತ್ತದೆ, ಕೆಳಗೆ ನ್ಯೂಟ್ರೋಫಿಲ್‌ಗಳು ಸಾಲುಗಟ್ಟಿರುತ್ತವೆ. ಆದರೆ ಇದೇ ಚಿತ್ರ ಬೇರೆ ಒಂದೆರಡು ಕಾಯಿಲೆಗಳಲ್ಲೂ ಕಾಣುತ್ತದೆ. ಇಲ್ಲಿಗೇ ನಿಂತರೆ ರಿಪೋರ್ಟಿನಲ್ಲಿ 'ಇದಿರಬಹುದು, ಅದಿರಬಹುದು' ಎಂದು ಬರುತ್ತದೆ.

ಎರಡನೆಯ ತುಂಡು ತೀರ್ಪು ಹೇಳುವಂಥದ್ದು. ಇದು ಇಮ್ಯುನೋಫ್ಲೋರೆಸೆನ್ಸ್ ಎಂಬ, ಚರ್ಮಕ್ಕೆ ಅಂಟಿದ ಪ್ರತಿಕಾಯವನ್ನು ಹೊಳೆಯಿಸಿ ನೋಡುವ ಪರೀಕ್ಷೆಗೆ ಹೋಗುತ್ತದೆ. ಅದನ್ನು ಗುಳ್ಳೆಯ ಮೇಲಿಂದ ತೆಗೆಯಬಾರದು. ಹೊಸ ಗುಳ್ಳೆಯ ಪಕ್ಕದ, ಸುಮಾರು ಒಂದು ಸೆಂಟಿಮೀಟರ್ ಒಳಗಿನ, ನೋಡಲು ಚೆನ್ನಾಗೇ ಇರುವ ಚರ್ಮದಿಂದ ತೆಗೆಯಬೇಕು. 'ಗುಳ್ಳೆ ಅಲ್ಲಿದೆ, ಡಾಕ್ಟರು ಇಲ್ಲಿ ಚುಚ್ಚುತ್ತಿದ್ದಾರಲ್ಲ' ಎಂದು ಎಷ್ಟೋ ಜನ ಗಾಬರಿಯಾಗುತ್ತಾರೆ. ಅದು ಸರಿಯಾದ ಜಾಗವೇ. ಗುಳ್ಳೆಯೊಳಗೆ ಉರಿಯೂತ ಐಜಿಎಯನ್ನು ತಿಂದುಹಾಕಿರುತ್ತದೆ. ಪಕ್ಕದ ಚರ್ಮದಲ್ಲಿ ಅದು ಇನ್ನೂ ಅಂಟಿಕೊಂಡೇ ಇರುತ್ತದೆ.

ಈ ಎರಡನೆಯ ತುಂಡು ಫಾರ್ಮಲಿನ್‌ಗೆ ಬಿದ್ದರೆ ಮುಗಿಯಿತು, ಈ ಪರೀಕ್ಷೆಗೆ ಅದು ಉಪಯೋಗಕ್ಕೆ ಬರುವುದಿಲ್ಲ. ಅದಕ್ಕೆ ಮಿಷೆಲ್ಸ್ ಮೀಡಿಯಂ ಎಂಬ ಬೇರೆ ದ್ರಾವಣ ಬೇಕು. ಅದರಲ್ಲಿಟ್ಟರೆ ಕೆಲವು ದಿನ ಕೆಡುವುದಿಲ್ಲ, ಬೇರೆ ಊರಿಗೂ ಕಳಿಸಬಹುದು. ಅದು ಇಲ್ಲದಿದ್ದರೆ ಮಾಮೂಲಿ ನಾರ್ಮಲ್ ಸಲೈನ್‌ನಲ್ಲಿಟ್ಟು ಒಂದು ದಿನದೊಳಗೆ ಲ್ಯಾಬಿಗೆ ಮುಟ್ಟಿಸಬಹುದು. ಜಿಲ್ಲಾ ಕೇಂದ್ರದಿಂದ ಬೆಂಗಳೂರಿಗೋ ಮಣಿಪಾಲಕ್ಕೋ ತುಂಡು ಕಳಿಸುವಾಗ ಇದು ದೊಡ್ಡ ಅನುಕೂಲ.

ಅದಕ್ಕೇ ನೀವೇ ಬಾಯಿಬಿಟ್ಟು ಕೇಳಿ ಅನ್ನುವುದು: 'ಡಾಕ್ಟ್ರೇ, ಇಮ್ಯುನೋಫ್ಲೋರೆಸೆನ್ಸ್‌ಗೂ ಒಂದು ತುಂಡು ಕಳಿಸುತ್ತೀರಾ? ಅದನ್ನು ಫಾರ್ಮಲಿನ್‌ಗೆ ಹಾಕುವುದಿಲ್ಲ ಅಲ್ವಾ?' ಇದನ್ನು ಕೇಳಿದರೆ ಯಾವ ಒಳ್ಳೆಯ ಡಾಕ್ಟರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಚಿಕ್ಕ ಮಗುವನ್ನು ಎರಡನೇ ಸಲ ಹಿಡಿದು ಮಲಗಿಸುವ ಸಂಕಟ ಒಂದು ಪ್ರಶ್ನೆಯಿಂದ ತಪ್ಪುತ್ತದೆ ಅಂದರೆ, ಕೇಳಲೇಬೇಕು.

ಆ ಪರೀಕ್ಷೆಯಲ್ಲಿ ಏನು ಕಾಣುತ್ತದೆ?

ಲ್ಯಾಬಿನಲ್ಲಿ ಚರ್ಮವನ್ನು ಹೆಪ್ಪುಗಟ್ಟಿಸಿ ತೆಳ್ಳಗೆ ಕತ್ತರಿಸುತ್ತಾರೆ. ಐಜಿಎ, ಐಜಿಜಿ, ಐಜಿಎಂ ಎಂಬ ಪ್ರತಿಕಾಯಗಳು, ಸಿ3 ಎಂಬ ರಕ್ತದ ಪ್ರೋಟೀನು, ಒಂದೊಂದಕ್ಕೂ ಬೇರೆ ಬೇರೆ ಸ್ಲೈಡು. ಹೊಳೆಯುವ ಬಣ್ಣ ಸೇರಿಸಿ, ಕತ್ತಲೆ ಕೋಣೆಯಲ್ಲಿ ವಿಶೇಷ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಐಜಿಎ ಸ್ಲೈಡಿನಲ್ಲಿ ಎರಡು ಪದರ ಸೇರುವ ಕಡೆ ಉದ್ದಕ್ಕೂ, ಎಲ್ಲೂ ಕಡಿಯದೆ, ತಿಳಿಹಸಿರು ಗೆರೆಯೊಂದು ಹೊಳೆಯುತ್ತದೆ. ಆ ಗೆರೆ ಕಂಡರೆ ಕಾಯಿಲೆ ಖಚಿತ.

ಗೆರೆಯ ಬದಲು ಬೇರೇನೋ ಕಂಡರೆ ಹೆಸರೂ ಬದಲಾಗುತ್ತದೆ. ಐಜಿಎ ಅಲ್ಲಲ್ಲಿ ಚುಕ್ಕೆಚುಕ್ಕೆಯಾಗಿ ಕಂಡರೆ ಡರ್ಮಟೈಟಿಸ್ ಹರ್ಪೆಟಿಫಾರ್ಮಿಸ್. ಅದಕ್ಕೆ ಗೋಧಿಯ ಗ್ಲುಟೆನ್ ಸಂಬಂಧ ಇರುತ್ತದೆ, ಮೊಣಕೈ ಮೊಣಕಾಲಲ್ಲಿ ಜಾಸ್ತಿ. ಗೆರೆ ಐಜಿಜಿ, ಸಿ3ಯದ್ದಾದರೆ ಬುಲ್ಲಸ್ ಪೆಂಫಿಗಾಯ್ಡ್ ಇರಬಹುದು. ಎಳೆಗೂಸುಗಳಲ್ಲಿ ಅದು ಅಂಗೈ, ಅಂಗಾಲಿಗೂ ಬರುತ್ತದೆ. ಮೇಲಿನ ಪದರದ ಜೀವಕೋಶಗಳ ಸಂದಿಯಲ್ಲೆಲ್ಲ ಐಜಿಜಿ ಕಂಡರೆ ಪೆಂಫಿಗಸ್. ಅದರ ದಾರಿಯೇ ಬೇರೆ, ಔಷಧಿಯೂ ಬೇರೆ. ಹದಿಹರೆಯದ ಹುಡುಗಿಯರಲ್ಲಿ ಲೂಪಸ್ ಕಾಯಿಲೆಯಿಂದಲೂ ಗುಳ್ಳೆ ಬರಬಹುದು, ಅದನ್ನೂ ನೋಡುತ್ತಾರೆ. ಹುಟ್ಟಿದಾಗಿನಿಂದ, ಎಲ್ಲಿ ಉಜ್ಜಿದರೆ ಅಲ್ಲಿ ಗುಳ್ಳೆ ಏಳುತ್ತಿದ್ದರೆ ಅದು ವಂಶವಾಹಿಯ ಕಾಯಿಲೆ, ಆಟೋಇಮ್ಯೂನ್ ಅಲ್ಲ.

ಈ ಐಜಿಎ ಗೆರೆಯನ್ನು ನೋಡಿ, ಮಕ್ಕಳ ಈ ಕಾಯಿಲೆಯನ್ನು 1979ರಲ್ಲಿ ಸರಿಯಾಗಿ ಗುರುತಿಸಿ ಬರೆದವರು ಪೋಲೆಂಡಿನ ವಾರ್ಸಾದ ಖೊರ್ಜೆಲ್‌ಸ್ಕಿ ಮತ್ತು ಸ್ತೆಫಾನಿಯಾ ಯಬ್ವೋನ್ಸ್ಕಾ. ಅದಕ್ಕೆ ಮುಂಚೆ ಇಂಥ ಮಕ್ಕಳಿಗೆ ಏನೇನೋ ಹೆಸರು ಕೊಟ್ಟು ಚಿಕಿತ್ಸೆ ಮಾಡುತ್ತಿದ್ದರು.

ನೆಗೆಟಿವ್ ಬಂದರೆ?

ಕಾಯಿಲೆ ಇಲ್ಲ ಎಂದು ಅರ್ಥವಲ್ಲ. ತುಂಡು ತಪ್ಪು ಜಾಗದ್ದಾಗಿರಬಹುದು, ತಡವಾಗಿ ತಲುಪಿರಬಹುದು. ಮೊದಲೇ ಸ್ಟಿರಾಯ್ಡ್ ಕೊಟ್ಟಿದ್ದರೂ ಗೆರೆ ಮಸುಕಾಗಬಹುದು. ನೋಟಕ್ಕೆ ಲೀನಿಯರ್ ಐಜಿಎ ಥರವೇ ಇದ್ದರೆ ಇನ್ನೊಮ್ಮೆ ಮಾಡಬೇಕಾಗುತ್ತದೆ. ಹಾಗಂತ ಪರೀಕ್ಷೆಗಾಗಿ ನೀವಾಗಿಯೇ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡನ್ನು ನಿಲ್ಲಿಸಬೇಡಿ. ಅದನ್ನು ದಿಢೀರ್ ನಿಲ್ಲಿಸುವುದು ಅಪಾಯ.

ಮಗುವಿಗೆ ತುಂಬಾ ನೋವಾಗುತ್ತಾ?

ಮರಗಟ್ಟಿಸುವ ಇಂಜೆಕ್ಷನ್ ಚುಚ್ಚುವಾಗ ಕೆಲವು ಸೆಕೆಂಡು ಉರಿಯುತ್ತದೆ. ಅದಕ್ಕೂ ಮುಂಚೆ ಮರಗಟ್ಟಿಸುವ ಕ್ರೀಮ್ ಹಚ್ಚಿ ಸುಮಾರು ಒಂದು ಗಂಟೆ ಬಿಟ್ಟರೆ ಅದೂ ಕಡಿಮೆ. ಆಮೇಲೆ ಮೂರು ನಾಲ್ಕು ಮಿಲಿಮೀಟರ್ ಅಗಲದ ಪಂಚ್‌ನಿಂದ ತುಂಡು ತೆಗೆಯುತ್ತಾರೆ, ಒಂದೋ ಎರಡೋ ಹೊಲಿಗೆ. ಮಗು ಅಳುವುದು ನೋವಿಗಿಂತ ಹಿಡಿದುಕೊಂಡಿದ್ದಾರೆ ಎಂಬ ಭಯಕ್ಕೆ. ಅಮ್ಮನೋ ಅಪ್ಪನೋ ತಲೆಯ ಹತ್ತಿರ ನಿಂತು ಮೊಬೈಲಿನಲ್ಲಿ ಅದಕ್ಕೆ ಇಷ್ಟವಾದ ಹಾಡು ಹಾಕಿ. ಇಂಥ ಹೊತ್ತಿಗೆ ಮೊಬೈಲ್ ಕೊಟ್ಟರೆ ಏನೂ ತಪ್ಪಿಲ್ಲ.

ಕಾಯಿಲೆ ಗೊತ್ತಾಯಿತು. ಮತ್ತೆ ಜಿ6ಪಿಡಿ ಅಂತ ರಕ್ತ ಪರೀಕ್ಷೆ ಯಾಕೆ?

ಮೊದಲ ಔಷಧಿ ಡ್ಯಾಪ್ಸೋನ್. ಜಿ6ಪಿಡಿ ಎಂಬ ಕಿಣ್ವ ಕಡಿಮೆ ಇರುವ ಮಕ್ಕಳಿಗೆ ಇದನ್ನು ಕೊಟ್ಟರೆ ಕೆಂಪು ರಕ್ತಕಣಗಳು ಒಡೆದುಹೋಗುತ್ತವೆ. ಈ ಕೊರತೆ ಗಂಡುಮಕ್ಕಳಲ್ಲಿ ಜಾಸ್ತಿ. ಅದಕ್ಕೇ ಮೊದಲ ಮಾತ್ರೆಗೂ ಮುಂಚೆ ಈ ಪರೀಕ್ಷೆ ಆಗಲೇಬೇಕು, ಇದರಲ್ಲಿ ರಾಜಿ ಬೇಡ. ಕೊರತೆ ಇದೆ ಎಂದು ಗೊತ್ತಾದರೆ ಬೇರೆ ಔಷಧಿಗಳಿವೆ. ಮನೆಯಲ್ಲಿ ಬಟ್ಟೆಯ ಮಧ್ಯೆ ಇಡುವ ನುಸಿಗುಳಿಗೆಯನ್ನೂ ಅಂಥ ಮಗುವಿನಿಂದ ದೂರ ಇಡಬೇಕು.

ಸಾಮಾನ್ಯವಾಗಿ ಮಗುವಿನ ತೂಕದ ಕಿಲೋಗೆ ದಿನಕ್ಕೆ 0.5ರಿಂದ 2 ಮಿಲಿಗ್ರಾಂ. ಕಡಿಮೆಯಿಂದ ಶುರುಮಾಡಿ ಏರಿಸುತ್ತಾರೆ. ಹಿಮೋಗ್ಲೋಬಿನ್ ಸ್ವಲ್ಪ ಇಳಿಯುವುದು ಎಲ್ಲರಲ್ಲೂ ಇದ್ದದ್ದೇ. ಆದ್ದರಿಂದ ಮೊದಲ ತಿಂಗಳು ವಾರವಾರ ರಕ್ತ ಪರೀಕ್ಷೆ, ಆಮೇಲೆ ಅಂತರ ಹೆಚ್ಚುತ್ತದೆ. ಲಿವರ್ ಪರೀಕ್ಷೆಯೂ ಜೊತೆಗಿರುತ್ತದೆ. ಹೆಚ್ಚಿನ ಮಕ್ಕಳಲ್ಲಿ ಕೆಲವೇ ದಿನಗಳಲ್ಲಿ ಹೊಸ ಗುಳ್ಳೆ ಬರುವುದು ನಿಲ್ಲುತ್ತದೆ. ತಿಂಗಳುಗಟ್ಟಲೆ ನಿದ್ದೆಗೆಟ್ಟ ಮನೆಗೆ ಅದು ಎಷ್ಟು ದೊಡ್ಡ ಸಮಾಧಾನ ಎಂದು ನೋಡಿದವರಿಗೇ ಗೊತ್ತು.

ಮೆಡಿಕಲ್ ಶಾಪಿನಲ್ಲಿ 'ಇದು ಕುಷ್ಠರೋಗದ ಮಾತ್ರೆ' ಅಂದರು. ನಮ್ಮ ಮಗುವಿಗೆ ಕುಷ್ಠವಾ?

ಅಲ್ಲ. ಡ್ಯಾಪ್ಸೋನ್ ಕುಷ್ಠದ ಬ್ಯಾಕ್ಟೀರಿಯಾವನ್ನೂ ತಡೆಯುತ್ತದೆ, ನ್ಯೂಟ್ರೋಫಿಲ್‌ಗಳ ಆರ್ಭಟವನ್ನೂ ತಗ್ಗಿಸುತ್ತದೆ. ನಿಮ್ಮ ಮಗುವಿಗೆ ಕೊಡುವುದು ಎರಡನೆಯ ಕೆಲಸಕ್ಕೆ. ಈ ಒಂದು ಮಾತು ಕೇಳಿ ಮಾತ್ರೆಯನ್ನು ಮೂಲೆಗೆಸೆದು ಮಗುವನ್ನು ನರಳಿಸುವುದು ಬೇಡ. ಕುಷ್ಠವಾದರೂ ಈಗ ಪೂರ್ತಿ ವಾಸಿಯಾಗುವ ಕಾಯಿಲೆಯೇ, ಅದಕ್ಕೂ ಹೆದರಿ ಮುಚ್ಚಿಡಬೇಕಾದ್ದಿಲ್ಲ.

ಮಾತ್ರೆ ಶುರುಮಾಡಿದ ಮೇಲೆ ಯಾವಾಗ ಆಸ್ಪತ್ರೆಗೆ ಓಡಬೇಕು?

ತುಟಿ, ಉಗುರು ನೀಲಿಯಾದರೆ. ಮೂತ್ರ ಕಡುಕಂದು ಬಣ್ಣಕ್ಕೆ ತಿರುಗಿದರೆ. ಮಗು ಬಿಳಿಚಿಕೊಂಡು ಏದುಸಿರು ಬಿಟ್ಟರೆ. ಮೊದಲ ಕೆಲವು ವಾರಗಳಲ್ಲಿ ಜ್ವರ, ಮೈತುಂಬ ದದ್ದು, ಕಣ್ಣು ಹಳದಿ ಕಂಡರೆ ಮಾತ್ರೆ ನಿಲ್ಲಿಸಿ ಅದೇ ದಿನ ಹೋಗಿ. ಮಾತ್ರೆ ಶುರುವಾಗಿರಲಿ ಬಿಡಲಿ, ಚರ್ಮ ಹಾಳೆಯಾಗಿ ಸುಲಿಯುತ್ತಿದ್ದರೆ, ಬಾಯಿ ತುಂಬ ಹುಣ್ಣಾಗಿ ನೀರೂ ಇಳಿಯದಿದ್ದರೆ ತುರ್ತು ವಿಭಾಗಕ್ಕೇ ಹೋಗಬೇಕು.

ನಾಗದೋಷ ಅಂತಾರೆ. ನಂಜಿನ ಪದಾರ್ಥ ಬಿಡಿಸಿ ಅಂತಲೂ ಹೇಳುತ್ತಾರೆ.

ಸುಬ್ರಹ್ಮಣ್ಯನಿಗೆ ಹರಕೆ ಹೊತ್ತುಕೊಂಡು ಮನಸ್ಸಿಗೆ ಧೈರ್ಯ ಬರುವುದಾದರೆ ಹೊತ್ತುಕೊಳ್ಳಿ, ಕುಕ್ಕೆಗೆ ಹೋಗಿ ಬನ್ನಿ. ಆದರೆ ಬಯಾಪ್ಸಿ ಮತ್ತು ಮಾತ್ರೆಯನ್ನು ಅದಕ್ಕಾಗಿ ಮುಂದೂಡಬೇಡಿ. ಗುಳ್ಳೆಯ ಮೇಲೆ ಕಾವಿ, ಸೊಪ್ಪಿನ ರಸ, ಅರಿಶಿನ ಮೆತ್ತಬೇಡಿ. ಸೋಂಕಿಗೂ ದಾರಿ, ಡಾಕ್ಟರಿಗೆ ಗುಳ್ಳೆಯೂ ಕಾಣುವುದಿಲ್ಲ.

ಪಥ್ಯ ಬೇಕಿಲ್ಲ. ಬದನೆಕಾಯಿ, ಮೊಟ್ಟೆ, ಮೀನು ಬಿಡಿಸಿದರೆ ಕಾಯಿಲೆ ತಗ್ಗುವುದಿಲ್ಲ. ಚರ್ಮ ಮತ್ತೆ ಬೆಳೆಯಲು, ರಕ್ತ ಏರಲು ಮಗುವಿಗೆ ಊಟ ಚೆನ್ನಾಗೇ ಸೇರಬೇಕು.

ಮನೆಯಲ್ಲಿ ಆರೈಕೆ ಹೇಗೆ?

ಮೊದಲು ಉಡುದಾರ ಬಿಚ್ಚಿ. ಗುಳ್ಳೆ ಜಾಸ್ತಿ ಇರುವ ಜಾಗದಲ್ಲೇ ಅದು ಉಜ್ಜುತ್ತದೆ. ಬಿಗಿ ಎಲಾಸ್ಟಿಕ್ ಚಡ್ಡಿ ಬೇಡ, ಸಡಿಲ ಹತ್ತಿ ಬಟ್ಟೆ ಹಾಕಿ. ಉಗುರು ಬೆಚ್ಚಗಿನ ನೀರಲ್ಲಿ ಸ್ನಾನ ಮಾಡಿಸಿ, ಟವೆಲಿನಿಂದ ಒತ್ತಿ ಒರೆಸಿ. ಒಡೆದ ಕಡೆ ವ್ಯಾಸಲೀನ್ ಸವರಿದರೆ ಬಟ್ಟೆ ಅಂಟುವುದಿಲ್ಲ. ದೊಡ್ಡ ಗುಳ್ಳೆ ನೋಯುತ್ತಿದ್ದರೆ ಆಸ್ಪತ್ರೆಯಲ್ಲಿ ಸ್ಟೆರೈಲ್ ಸೂಜಿಯಿಂದ ನೀರು ತೆಗೆದು ಮೇಲಿನ ಚರ್ಮವನ್ನು ಹಾಗೇ ಬಿಡುತ್ತಾರೆ. ಆ ಚರ್ಮವನ್ನು ಕಿತ್ತರೆ ಹಸಿಗಾಯವಾಗಿ ಉರಿ ಹೆಚ್ಚುತ್ತದೆ.

ಕಣ್ಣಿನ ಡಾಕ್ಟರಿಗೂ ತೋರಿಸಿ ಅಂದರು. ಚರ್ಮದ ಕಾಯಿಲೆಗೆ ಕಣ್ಣು ಯಾಕೆ?

ಬಾಯಿ, ಮೂಗು, ಕಣ್ಣಿನ ಒಳಪೊರೆಯಲ್ಲೂ ಇದೇ ಪ್ರೋಟೀನುಗಳಿವೆ. ಚರ್ಮದ ಗುಳ್ಳೆ ಮಾಯುವಾಗ ಗಾಯ ಗಟ್ಟಿಯಾಗಿ ಉಳಿಯುವುದಿಲ್ಲ. ಕಣ್ಣಿನಲ್ಲಿ ಹಾಗಲ್ಲ, ಗಾಯ ಗಟ್ಟಿಯಾಗಿ ರೆಪ್ಪೆ ಅಂಟಿಕೊಳ್ಳಬಹುದು, ದೃಷ್ಟಿಗೂ ತೊಂದರೆಯಾಗಬಹುದು. ಕಣ್ಣು ಚುಚ್ಚುತ್ತದೆ, ಮರಳು ಬಿದ್ದ ಹಾಗಿದೆ ಎಂದು ಮಗು ಹೇಳಿದರೆ, ಪದೇ ಪದೇ ಉಜ್ಜಿಕೊಂಡರೆ ಕಡೆಗಣಿಸಬೇಡಿ.

ಜೀವನಪೂರ್ತಿ ಇರುತ್ತಾ?

ಬಹಳಷ್ಟು ಮಕ್ಕಳಲ್ಲಿ ಕೆಲವು ವರ್ಷಗಳಲ್ಲಿ, ಹರೆಯಕ್ಕೆ ಬರುವ ಹೊತ್ತಿಗೆ ತಾನಾಗಿ ಹೋಗುತ್ತದೆ. ಅಲ್ಲಿಯವರೆಗೆ ಏರಿಳಿತ ಇರುತ್ತದೆ. ನೆಗಡಿ, ಜ್ವರ ಬಂದಾಗ ಒಮ್ಮೊಮ್ಮೆ ಜಾಸ್ತಿಯಾಗಬಹುದು. ಗುಳ್ಳೆ ಮಾಯ್ದ ಕಡೆ ಕಪ್ಪು ಅಥವಾ ಬಿಳಿಚಿದ ಗುರುತು ಉಳಿಯುತ್ತದೆ, ತಿಂಗಳುಗಳಲ್ಲಿ ಮಾಸುತ್ತದೆ.

ಎರಡನೆಯ ಮಗುವಿಗೂ ಬರಬಹುದಾ?

ಸಾಮಾನ್ಯವಾಗಿ ಇಲ್ಲ. ಇದು ಅಪ್ಪ ಅಮ್ಮನಿಂದ ನೇರವಾಗಿ ಇಳಿದು ಬರುವ ಕಾಯಿಲೆಯಲ್ಲ.

ಲಸಿಕೆ ಹಾಕಿಸಬಹುದಾ?

ಹಾಕಿಸಬಹುದು. ಮಗು ಹೆಚ್ಚು ಪ್ರಮಾಣದ ಸ್ಟಿರಾಯ್ಡ್ ಅಥವಾ ರೋಗನಿರೋಧಕ ಶಕ್ತಿ ತಗ್ಗಿಸುವ ಬೇರೆ ಔಷಧಿಯಲ್ಲಿದ್ದರೆ ಮಾತ್ರ ಎಂಎಂಆರ್, ಚಿಕನ್‌ಪಾಕ್ಸ್‌ನಂಥ ಜೀವಂತ ಲಸಿಕೆಗಳನ್ನು ಮುಂದೂಡುತ್ತಾರೆ. ಲಸಿಕೆಯ ಕಾರ್ಡನ್ನೂ ಮಾತ್ರೆಯ ಚೀಟಿಯನ್ನೂ ಒಟ್ಟಿಗೇ ತೋರಿಸಿ, ಮುಂದಿನ ತಾರೀಖನ್ನು ಅವರೇ ಬರೆದುಕೊಡುತ್ತಾರೆ.